ಸುಣ್ಣದ ಗೆರೆಯ ಇಳಿಜಾರು

ನೀಲವ್ವ ಹೆದರಿದಳು, ಅದಕ್ಕೇ ಸೋತಳು ಎಂದು ನಮ್ಮ ಕ್ಲಬ್ಬಿನಲ್ಲಿ ಈಗಲೂ ಹೇಳುತ್ತಾರೆ. ಐರ್ಲೆಂಡಿನಿಂದ ಹಸಿದು ಬಂದವರು ಅಮೆರಿಕದ ಬೇಸ್‌ಬಾಲನ್ನು ಬರೀ ಧೈರ್ಯದ ಮೇಲೆ ಗೆದ್ದುಕೊಂಡರು ಎಂದೂ ಹೇಳುತ್ತಾರೆ. ಎರಡೂ ಕಥೆಗಳನ್ನು ಹೇಳುವ ಬಾಯಿ ಒಂದೇ, ನಮ್ಮ ಕೋಚ್ ಇನಾಮದಾರ ಸರ್ ಅವರದು. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಇಷ್ಟೇ: ಪೂರ್ತಿ ಸುಳ್ಳನ್ನು ಒಡೆಯಬಹುದು, ಅರ್ಧ ನಿಜದ ಮುಂದೆ ಒದ್ದಾಡಬೇಕಾಗುತ್ತದೆ.

ಈ ಜೂನಿನಲ್ಲಿ, ಪುಣೆಗೆ ಮೊದಲ ಮಳೆ ಬಿದ್ದ ಸಂಜೆ, ಮುಠಾ ನದಿಯ ಪಕ್ಕದ ರಸ್ತೆಯಲ್ಲಿ ಸ್ಕೂಟರ್ ಮೇಲೆ ಬರುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ವಾಸನೆ ಬಂತು. ಎಲ್ಲರೂ ಹೊಗಳುವ ಮಣ್ಣಿನ ವಾಸನೆಯಲ್ಲ, ಒದ್ದೆ ಸುಣ್ಣದ್ದು. ಹೊಸದಾಗಿ ಬಳಿದ ಗೋಡೆಗೆ ನೀರು ಬಿದ್ದರೆ ಬರುತ್ತದಲ್ಲ, ಗಂಟಲಿಗೆ ಸ್ವಲ್ಪ ಕಚ್ಚುವಂಥದ್ದು. ಕಂಪೌಂಡಿನ ಆಚೆ ನಮ್ಮ ಹಳೆಯ ಮೈದಾನವಿತ್ತು. ಸಿಗ್ನಲ್ ಹಸಿರಾಯಿತು, ಹಿಂದಿದ್ದ ರಿಕ್ಷಾದವನು ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ. ಮೂರು ವರ್ಷದ ಹಿಂದಿನ ಆ ಮಳೆಗಾಲ ಮಾತ್ರ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ.

ಆಗ ನಾನು ಕಾನೂನು ಓದುತ್ತಿದ್ದೆ. ಆಟಕ್ಕೂ ನನಗೂ ಸಂಬಂಧವಿರಲಿಲ್ಲ. ಇನಾಮದಾರ ಸರ್ ಒಂದು ಅಂತರಕಾಲೇಜು ಚರ್ಚೆಯಲ್ಲಿ ನನ್ನನ್ನು ನೋಡಿ, ಮುಗಿದ ಮೇಲೆ ಹತ್ತಿರ ಬಂದು ಕನ್ನಡದಲ್ಲೇ ಕೇಳಿದರು: "ಧಾರವಾಡದವರೇನವಾ?"

"ನಮ್ಮ ಅಜ್ಜ ಧಾರವಾಡದವರು. ನಾವು ಇಲ್ಲಿಯವರೇ."

"ನಾವೂ ಹಂಗ. ನಮ್ಮ ಹುಡುಗ್ಯಾರ ತಂಡಕ್ಕ ಬರ್ತೀ ಏನು? ಬೇಸ್‌ಬಾಲ್."

"ನನಗೆ ಚೆಂಡು ಹಿಡಿಯೋದಕ್ಕೇ ಬರೋದಿಲ್ಲ ಸರ್."

"ಚೆಂಡು ಹಿಡಿಯವ್ರು ಭಾಳ ಮಂದಿ ಅದಾರ. ಅಂಪೈರ್ ಜೋಡಿ ಜಗಳಾ ಮಾಡವ್ರು ಇಲ್ಲ. ನಿನ್ನ ರೈಟ್ ಫೀಲ್ಡಿಗೆ ನಿಲ್ಲಸ್ತೀನಿ, ಅಲ್ಲಿ ಚೆಂಡು ಬರೂದು ಅಷ್ಟಕ್ಕಷ್ಟ. ಬಾಯಿ ಇಟಗೊಂಡು ಬಂದ್ರ ಸಾಕು."

ಇದು ಅವರ ಐರಿಷ್ ಸಿದ್ಧಾಂತ. ಪಿಟಿ ಮಾಸ್ತರರಾಗಿ ನಿವೃತ್ತರಾದ ಈ ಮನುಷ್ಯ ಬೇಸ್‌ಬಾಲಿನ ಇತಿಹಾಸವನ್ನು ಬೇರೆಯವರು ಪುರಾಣ ಓದಿದಂತೆ ಓದಿದ್ದರು. ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ ಐರ್ಲೆಂಡಿನ ಜನ ಹಡಗು ಹತ್ತಿದ್ದು, ಅಮೆರಿಕದಲ್ಲಿ ಅವರನ್ನು ಕೆಲಸಕ್ಕೆ ಬೇಡ ಎಂದದ್ದು, ಅವರ ಮಕ್ಕಳು ಓಣಿಯಲ್ಲಿ ಆಡುತ್ತ ಆಡುತ್ತ ದೊಡ್ಡ ತಂಡಗಳನ್ನೆಲ್ಲ ತುಂಬಿಬಿಟ್ಟದ್ದು. "ದೇಹದಾಗ ಅವರೇನು ದೊಡ್ಡವರಲ್ಲ, ತಲಿ ಓಡಿಸಿದ್ರು" ಎನ್ನುತ್ತಿದ್ದರು ಸರ್. ದೂರ ಹೊಡೆಯುವ ಬದಲು ಚೆಂಡನ್ನು ಬ್ಯಾಟಿಗೆ ಸುಮ್ಮನೆ ತಗುಲಿಸಿ ಕಾಲ ಬುಡದಲ್ಲೇ ಬೀಳಿಸಿ ಓಡುವುದು, ಅಂದರೆ ಬಂಟ್. ಎದುರಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ಬೇಸು, ಅಂದರೆ ಓಟದ ಮುಂದಿನ ನಿಲ್ದಾಣ, ಕದಿಯುವುದು. ಅಂಪೈರನ ತಲೆ ತಿನ್ನುವುದು. ಆಟಕ್ಕೆ ಈ ಚಾಲಾಕಿತನ ಕೊಟ್ಟವರೇ ಐರಿಷರು ಎಂಬುದು ಅವರ ವಾದ. ಮೈದಾನ ನೋಡಿಕೊಳ್ಳುವ ಐರಿಷರೂ ಕಡಿಮೆಯಿರಲಿಲ್ಲವಂತೆ. ಉದ್ದ ಹುಲ್ಲಿನಲ್ಲಿ ಹೆಚ್ಚಿನ ಚೆಂಡು ಬಚ್ಚಿಡುತ್ತಿದ್ದರು, ತಮ್ಮ ತಂಡಕ್ಕೆ ಬೇಕಾದ ಹಾಗೆ ನೆಲ ಗಟ್ಟಿ ಮಾಡುತ್ತಿದ್ದರು ಎಂಬ ಹಳೆಯ ಕಥೆಗಳನ್ನು ಹೇಳಿ ಹೇಳಿ ಸರ್ ತಾವೇ ನಗುತ್ತಿದ್ದರು.

ಕೊನೆಗೆ ಪ್ರತಿ ಸಲವೂ ಅದೇ ಮಾತು: "ನಾವೂ ಐರಿಷರ ಇದ್ದಂಗ. ಹೊರಗಿನಿಂದ ಬಂದವ್ರು."

ನನಗೆ ಸುಮ್ಮನಿರಲು ಬರುವುದಿಲ್ಲ. "ಯಾರು ಸರ್ 'ನಾವು'? ನಿಮ್ಮ ಮನೆ ಸದಾಶಿವ ಪೇಟೆಯಲ್ಲಿದೆ. ನಮ್ಮದು ಕರ್ವೆನಗರದಲ್ಲಿ. ನಾವು ಯಾವ ಹಡಗು ಹತ್ತಿದ್ದೀವಿ? ಹತ್ತಿದವಳು ಇವಳೊಬ್ಬಳೇ." ನಾನು ತೋರಿಸಿದ್ದು ನೀಲವ್ವನನ್ನು.

"ಹಡಗಲ್ಲಕ್ಕಾ, ಎಸ್‌ಟಿ ಬಸ್ಸು" ಎಂದಳು ನೀಲವ್ವ, ಶೂ ಲೇಸು ಕಟ್ಟುತ್ತ. "ನಮ್ಮೂರು ಇಂಡಿಯಿಂದ ಸೋಲಾಪುರ, ಸೋಲಾಪುರದಿಂದ ಪುಣೆ. ಸೀಟು ಸಿಗಲಿಲ್ಲ, ನಿಂತ ಬಂದೆ."

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. "ಇನ್ನೊಂದು ಸರ್. ಆಟದ ಬಾಗಿಲನ್ನು ಕಪ್ಪು ಜನರಿಗೆ ಮುಚ್ಚಿದಾಗ ನಿಮ್ಮ ಐರಿಷರು ಒಳಗೇ ಇದ್ದರಲ್ಲ? ಹಸಿವು ಗೊತ್ತಿದ್ದವರೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತರಲ್ಲ?"

"ಅದು ಬ್ಯಾರೆ ಮಾತು, ವಕೀಲಬಾಯಿ." ಅಂದಿನಿಂದ ನನ್ನ ಹೆಸರು ವಕೀಲಬಾಯಿ. ಬೇರೆ ಮಾತೇನೂ ಅಲ್ಲ, ಅದೇ ಮಾತು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಸೀಟಿ ಊದಿಬಿಟ್ಟರು.

ನೀಲವ್ವ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಳು. ಪಾಳಿ ಮುಗಿಸಿ, ಕೈಗೆ ಅಂಟಿದ ಎಣ್ಣೆಯನ್ನು ಮಣ್ಣಿಗೆ ತಿಕ್ಕಿ ಮೈದಾನಕ್ಕೆ ಇಳಿಯುವಳು. ಕುಳ್ಳಿ, ದಪ್ಪ ಮಣಿಕಟ್ಟು, ಓಡಲು ಶುರು ಮಾಡಿದರೆ ನೆಲ ನೋಡಿಕೊಂಡೇ ಓಡುವಳು. ಆ ವರ್ಷ ಅವಳ ಗುತ್ತಿಗೆ ಮುಗಿಯುವುದರಲ್ಲಿತ್ತು, ಮತ್ತೆ ಕರೆಯುವುದಿಲ್ಲ ಎಂದು ಮುಕಾದಮ ಮೊದಲೇ ಹೇಳಿದ್ದ. ರಾಜ್ಯ ತಂಡಕ್ಕೆ ಆಯ್ಕೆಯಾಗಿ ಆಡಿದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಆಯ್ಕೆಯಾಗದಿದ್ದರೆ ಇಂಡಿಯಲ್ಲಿ ಅಣ್ಣನ ಬಟ್ಟೆ ಅಂಗಡಿ.

"ಅಣ್ಣ ಛೊಲೊ ಅದಾನ" ಎಂದು ಒಮ್ಮೆ ಹೇಳಿದಳು. "ಆದ್ರ ಅವನ ಮನ್ಯಾಗ ರೊಟ್ಟಿ ಬಡಕೊಂತ, ಅವನ ರೊಟ್ಟಿನ ತಿನಕೊಂತ ಇರೂದು ನನಗ ಆಗೂದಿಲ್ಲ. ನಾ ನನ್ನ ಕೈಲೆ ಗಳಿಸಿ ಉಂಡಾಕಿ. ನನಗ ರುಚಿ ಹತ್ತೇತಿ."

ಮಳೆ ಹಿಡಿಯಿತು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರು, ನದಿಯ ಮೇಲಿನ ತಗ್ಗು ಸೇತುವೆ ಮುಳುಗಿತು, ದಂಡೆಯಲ್ಲಿ ಗಣಪತಿಯ ಢೋಲಿನ ತಂಡಗಳ ತಾಲೀಮು ಶುರುವಾಯಿತು. ಆ ಢಣಢಣದ ನಡುವೆ ಸರ್ ಕೂಗಿದ್ದು ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಮೈದಾನದ ಕೆಲಸವನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಗರದ ಕ್ಲಬ್ಬುಗಳ ಲೀಗ್ ಪಂದ್ಯ ಶುರುವಾಗುವ ಮುನ್ನ ಒಬ್ಬರೇ ಕೆಂಪು ಮುರುಮು ಮಣ್ಣು ಹಾಕಿಸಿಕೊಂಡು ಮೂರನೇ ಬೇಸಿನ ಬದಿಗೆ ರೋಲರ್ ಎಳೆದರು. ಬ್ಯಾಟು ಹಿಡಿದವಳ ಬಳಿಯಿಂದ ಎರಡೂ ಬದಿಯ ಬೇಸಿನತ್ತ ಹೋಗುವ ಸುಣ್ಣದ ಗೆರೆಯನ್ನೂ ತಾವೇ ಎಳೆಯುವರು. "ಮಳಿಗೆ ಕೊಚ್ಚಿ ಹೋಗಬಾರದಲ್ಲ, ಅದಕ್ಕ ಬಂದೋಬಸ್ತ ಮಾಡಾಕತ್ತೀನಿ" ಎಂದರು. ನಾವು ಕೈ ಹಚ್ಚಲು ಹೋದರೆ, "ನೀವು ಆಡ್ರಿ, ಇದು ನನ್ನ ಕೆಲಸ" ಎಂದು ಓಡಿಸಿದರು.

ಆ ಗೆರೆಯೇ ಎಲ್ಲ. ಬಂಟ್ ಮಾಡಿದ ಚೆಂಡು ಗೆರೆಯ ಒಳಗೆ ನಿಂತರೆ ಆಟ, ಹೊರಗೆ ಉರುಳಿ ಹೋದರೆ ಫೌಲ್, ಒಂದು ಸ್ಟ್ರೈಕ್, ಅಂದರೆ ಒಂದು ಅವಕಾಶ ಹೋದಂತೆ. ಎರಡು ಸ್ಟ್ರೈಕ್ ಆದ ಮೇಲೆಯೂ ಬಂಟ್ ಮಾಡಿ ಫೌಲ್ ಆದರೆ ಬ್ಯಾಟು ಹಿಡಿದವಳು ಔಟ್. ನೀಲವ್ವ ಚೆಂಡನ್ನು ಹೆಚ್ಚುಕಡಿಮೆ ಗೆರೆಯ ಮೇಲೆಯೇ ಇಡುತ್ತಿದ್ದಳು. ಮೂರನೇ ಬೇಸಿನ ಹುಡುಗಿ ಓಡಿ ಬಂದು, ಹೇಗೂ ಹೊರಗೆ ಹೋಗುತ್ತದೆ ಎಂದು ಚೆಂಡನ್ನು ಮುಟ್ಟದೆ ಸೊಂಟದ ಮೇಲೆ ಕೈಯಿಟ್ಟು ಕಾಯುವಳು. ಚೆಂಡು ಗೆರೆಗುಂಟ ಉರುಳುತ್ತ, ಇನ್ನೇನು ಹೊರಗೆ ಎನ್ನುವಾಗ, ಮನೆ ನೆನಪಾದ ಎಮ್ಮೆಯ ಹಾಗೆ ನಿಧಾನವಾಗಿ ಒಳಗೆ ಹೊರಳುವುದು. ಪಿಂಪರಿಯ ತಂಡದ ಹುಡುಗಿಯೊಬ್ಬಳು ಚೆಂಡಿನ ಮೇಲೆ ಬಗ್ಗಿ, "ಜಾ ಗ ಬಾಯಿ, ಜಾ ಬಾಹೇರ!" ಹೊರಗೆ ಹೋಗೇ ತಾಯಿ, ಎಂದು ಅದಕ್ಕೇ ಕೈ ಮುಗಿದು ಬೇಡಿಕೊಂಡದ್ದು ನೆನಪಿದೆ. ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ನೀಲವ್ವ ಮೊದಲ ಬೇಸು ದಾಟಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಆ ಪಂದ್ಯದಲ್ಲಿ ಅಂಪೈರ್ ಒಂದು ಸಲ ಫೌಲ್ ಎಂದ. ನಾನು ರೈಟ್ ಫೀಲ್ಡಿನ ಪಾತ್ರದಿಂದ ನನ್ನ ಅಸಲಿ ಪಾತ್ರಕ್ಕೆ ಬಂದೆ. ನಿಯಮಪುಸ್ತಕದ ವಾಕ್ಯವನ್ನು ಬಾಯಿಪಾಠ ಹೇಳಿದೆ, ಚೆಂಡು ನಿಂತಲ್ಲೇ ಇದೆ, ಕಣ್ಣಾರೆ ನೋಡಿ ಎಂದೆ. ಅವನು ಬಗ್ಗಿ ನೋಡಿ ತೀರ್ಪು ಬದಲಿಸಿದ. ಬೆಂಚಿನಲ್ಲಿ ನೀಲವ್ವ ನನ್ನ ಬೆನ್ನಿಗೆ ಗುದ್ದಿದಳು. "ಅಕ್ಕಾ, ನೀ ಇದ್ರ ಹಗಲನ್ನೂ ರಾತ್ರಿ ಮಾಡ್ತಿ ನೋಡು!" ಆ ಹೊಗಳಿಕೆ ನನಗೆ ಎಷ್ಟು ಹಿಡಿಸಿತ್ತೆಂದರೆ, ಮುಂದೆ ಅದೇ ಮಾತು ನನ್ನ ಕುತ್ತಿಗೆಗೆ ಬರುತ್ತದೆ ಎಂದು ಹೊಳೆಯಲೇ ಇಲ್ಲ.

ಲೀಗ್ ಗೆದ್ದೆವು. ಒಂದು ಮರಾಠಿ ಪತ್ರಿಕೆಯ ಒಳಪುಟದಲ್ಲಿ ನೀಲವ್ವನ ಫೋಟೋ ಬಂತು. ಸರ್ ಅದನ್ನು ಮೈದಾನದ ಶೆಡ್ಡಿನ ಬಾಗಿಲ ಒಳಬದಿಗೆ ಅಂಟಿಸಿ, "ನಮ್ಮ ಐರಿಷ್ ಹುಡುಗಿ" ಎಂದರು. ಆಯ್ಕೆಯ ದಿನದವರೆಗೂ ಅವಳು ಅದೇ ನೆಲದ ಮೇಲೆ ಸಂಜೆ ಸಂಜೆ ಬಂಟ್ ಅಭ್ಯಾಸ ಮಾಡಿದಳು. ಬೇರೆ ಹೊಡೆತ ಕಲಿಯಲು ಹೋದಾಗ ಸರ್ ಬೇಡವೆಂದರು: "ಇದ್ದದ್ದು ಬಿಡಬ್ಯಾಡ. ನಿನ್ನ ಬಂಟ್ ಯಾರಿಗೂ ಇಲ್ಲ."

ಪುಣೆಯ ಮೈದಾನಗಳೆಲ್ಲ ಕೆಸರಾಗಿದ್ದರಿಂದ ಆಯ್ಕೆ ಇಂದಾಪುರದಲ್ಲಿ ನಡೆಯಿತು. ಸರ್, ನೀಲವ್ವ ಮತ್ತು ಆಟದ ಸಾಮಾನಿನ ಕಿಟ್ಟು ಹೊರಲು ನಾನು, ಎಸ್‌ಟಿಯಲ್ಲಿ ಹೋದೆವು. ಪುಣೆ ದಾಟುತ್ತಿದ್ದಂತೆ ಮಳೆ ನಿಂತಿತು. ಇಂದಾಪುರ ಹತ್ತಿರವಾದಂತೆ ಎರಡೂ ಬದಿ ಕಬ್ಬು, ಮೇಲೆ ಒಣ ಬೆಳ್ಳನೆಯ ಆಕಾಶ. ನೀಲವ್ವ ಕಿಟಕಿಗೆ ಹಣೆ ಒತ್ತಿ, "ಇದ ಬಸ್ಸು ಮುಂದ ಸೋಲಾಪುರಕ್ಕ ಹೋಕ್ಕೈತಿ" ಎಂದಳು.

ಮೈದಾನ ತಟ್ಟೆಯ ಹಾಗೆ ಸಮವಾಗಿತ್ತು. ಅದನ್ನು ನೋಡಿ ನನಗೆ ಖುಷಿಯೇ ಆಯಿತು.

ಅವಳ ಮೊದಲ ಬಂಟ್ ಗೆರೆಯ ಮೇಲೆ ಬಿತ್ತು. ನೀಲವ್ವ ಓಡಿದಳು. ಚೆಂಡು ಗೆರೆಗುಂಟ ಉರುಳಿತು, ನಾನು ಅದು ಒಳಗೆ ಹೊರಳುವುದನ್ನು ಕಾಯುತ್ತ ಎದ್ದು ನಿಂತೆ. ಅದು ಹೊರಳಲಿಲ್ಲ. ನೆಟ್ಟಗೆ, ತನ್ನ ಪಾಡಿಗೆ, ಹೊರಗೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಇನ್ನೂ ಮೆತ್ತಗೆ, ಇನ್ನೂ ನಾಜೂಕಾಗಿ ಇಟ್ಟಳು. ಅಂಥ ಬಂಟನ್ನು ನಾನು ನೋಡಿರಲಿಲ್ಲ. ಅದೂ ಹೊರಗೆ. ಔಟ್. ಇನ್ನೊಂದು ಅವಕಾಶ ಕೊಟ್ಟರು. ಅದೇ ಕೈ, ಅದೇ ಜಾಗ, ಅದೇ ಫೌಲ್. ಅವಳು ಪ್ರತಿ ಸಲವೂ ತಿರುಗಿ ಚೆಂಡನ್ನು ನೋಡುತ್ತಿದ್ದಳು, ಪರಿಚಯದವರು ಮಾತಾಡಿಸದೆ ಹೋದಾಗ ನೋಡುತ್ತಾರಲ್ಲ, ಹಾಗೆ. ಕೊನೆಗೆ ದಿಕ್ಕು ತಪ್ಪಿ ಬ್ಯಾಟು ಬೀಸಿದಳು, ಗಾಳಿಗೆ. ನಾನು ಬಾಯಿ ತೆರೆದೆ. ಏನು ವಾದಿಸಲಿ? ಚೆಂಡು ಗೆರೆಯ ಹೊರಗೆ ಬಿದ್ದಿತ್ತು, ಕುರುಡನಿಗೂ ಕಾಣುವಂತೆ. ಜೀವನದಲ್ಲಿ ಮೊದಲ ಸಲ ನನ್ನಲ್ಲಿ ಒಂದೂ ಪಾಯಿಂಟ್ ಇರಲಿಲ್ಲ.

ಓದಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತಿದ್ದೆವು. ನೀಲವ್ವ ಅಳಲಿಲ್ಲ. ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಎಲ್ಲಿ ತಪ್ಪಿತ್ರೀ ಸರ್? ನಾ ದಿನಾ ಮಾಡಿದಂಗ ಮಾಡೀನ್ರಿ. ಕೈ ಹಂಗ ಇತ್ರಿ."

ಸರ್ ಕಬ್ಬಿನ ಗಾಣಕ್ಕೆ ಕಟ್ಟಿದ ಗೆಜ್ಜೆಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಕೈ ಸರಿ ಇತ್ತವ್ವಾ. ಮನಸ್ಸು ಅಂಜಿತು. ದೊಡ್ಡ ಮೈದಾನದಾಗ ಹಂಗಾಗ್ತದ" ಎಂದರು.

ಅವಳು ತಲೆಯಾಡಿಸಿದಳು. ಡಾಕ್ಟರು ರೋಗದ ಹೆಸರು ಹೇಳಿದಾಗ ಆಡಿಸುವ ಹಾಗೆ. ಸೋಲಾಪುರದ ಬಸ್ಸು ಬಂತು. "ನನ್ನ ಖೋಲಿಯೊಳಗಿನ ಸಾಮಾನು ಆಮ್ಯಾಲೆ ಯಾರಾದ್ರೂ ಕಳಿಸ್ರಿ" ಎಂದು ಗ್ಲೌಸನ್ನು ನನ್ನ ಕೈಗಿಟ್ಟು ಹತ್ತಿದಳು. ನಾನು ಬಾಗಿಲು ಹಿಡಿದು, "ನೀಲವ್ವಾ, ಹುಚ್ಚಿಯಂತೆ ಆಡಬೇಡ, ಇಳಿ" ಎಂದೆ. "ಪುಣೇದಾಗ ಇನ್ನೇನ ಐತಿ ಅಕ್ಕಾ?" ಎಂದಳು. ಕಂಡಕ್ಟರ್ ಗಂಟೆ ಹೊಡೆದ. ಸೀಟು ಸಿಕ್ಕಿರಲಿಲ್ಲ, ನಿಂತೇ ಹೋದಳು.

ಮುಂದಿನ ವಾರ ಕಿಟ್ಟು ಒಪ್ಪಿಸಲು ಮೈದಾನಕ್ಕೆ ಹೋದೆ. ಸರ್ ಆಗಷ್ಟೇ ಹೊಸ ಗೆರೆ ಎಳೆದು ಮುಗಿಸಿದ್ದರು. ಜೋರು ಮಳೆ ಬಂತು. ಬೇರೆ ದಿನ ಮಳೆ ಬಂದರೆ ನಾವೆಲ್ಲ ಕಿರುಚುತ್ತ ಶೆಡ್ಡಿನೊಳಗೆ ನುಗ್ಗಿ ಬಾಗಿಲು ಎಳೆದುಕೊಳ್ಳುವುದೇ. ಗೆರೆ ಕೊಚ್ಚಿ ಎತ್ತ ಹೋಗುತ್ತದೆ ಎಂದು ನೋಡಿದವರಿಲ್ಲ. ಅವತ್ತು ಒಳಗೆ ಬಾಗಿಲಿನ ಫೋಟೋ ನೋಡಲಾಗದೆ ತಗಡಿನ ಕೆಳಗೆ ಹೊರಗೇ ನಿಂತಿದ್ದೆ. ಮೊದಲ ಬೇಸಿನ ಕಡೆಯ ಗೆರೆ ಇದ್ದಲ್ಲೇ ಕರಗಿ ಬೆಳ್ಳಗೆ ನಿಂತಿತು. ಮೂರನೇ ಬೇಸಿನ ಕಡೆಯ ಸುಣ್ಣ ಮಾತ್ರ ಹಾಲು ಉಕ್ಕಿದಂತೆ ಮೈದಾನದ ಒಳಗೆ ಹರಿಯತೊಡಗಿತು. ಉದ್ದಕ್ಕೂ. ಒಂದು ಹನಿಯೂ ಹೊರಗೆ ಹೋಗಲಿಲ್ಲ. ಮಳೆಯಲ್ಲೇ ಇಳಿದು ಹೋಗಿ, ಗೆರೆ ಇದ್ದ ಜಾಗದಲ್ಲಿ ಒಂದು ಚೆಂಡು ಉರುಳಿಸಿದೆ. ಅದು ಸ್ವಲ್ಪ ದೂರ ನೆಟ್ಟಗೆ ಹೋಗಿ, ಎಮ್ಮೆಯ ಹಾಗೆ, ಒಳಗೆ ಹೊರಳಿತು. ಇನ್ನೊಂದು ಉರುಳಿಸಿದೆ. ಅದೂ.

ಸುಣ್ಣದ ವಾಸನೆ ಗಂಟಲಿಗೆ ಹತ್ತಿ ಕೆಮ್ಮು ಬಂತು. ಸರ್ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನೆಲ ವಾಲಿದೆ ಸರ್."

"ಐರಿಷರೂ ಹಿಂಗ ಮಾಡ್ತಿದ್ರು ಅಂತ ಓದೀನಿ" ಎಂದರು. ದನಿಯಲ್ಲಿ ಅಳುಕಿರಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. "ತಮ್ಮ ಬಂಟ್ ಒಳಗ ಉಳೀಲಿ ಅಂತ ಗೆರಿ ಕಡೆ ನೆಲಾ ಏರಿಸ್ತಿದ್ರು. ಲೀಗ್ ಒಂದ ಗೆದ್ರ ಸಾಕು, ಆಮ್ಯಾಲೆ ತಗದ್ರಾತು ಅಂದ್ಕೊಂಡಿದ್ದೆ."

"ಐರಿಷ್ ಆಟಗಾರರಿಗೆ ಅದು ಗೊತ್ತಿತ್ತು! ಮೋಸ ಅವರೆಲ್ಲರದ್ದೂ ಆಗಿತ್ತು. ನೀವು ನಮಗೆ ಯಾಕೆ ಹೇಳಲಿಲ್ಲ?"

"ನಿನಗ ಹೇಳಿದ್ರ ನಿನ್ನ ಮಾರಿ ಮ್ಯಾಲೆ ಕಾಣ್ತಿತ್ತು, ವಕೀಲಬಾಯಿ. ಅಂಪೈರ್ ಮುಂದ ಹಂಗ ನಿಂತು ವಾದ ಮಾಡಾಕ ಬರ್ತಿರಲಿಲ್ಲ."

"ಮತ್ತೆ ನೀಲವ್ವನಿಗೆ?"

"ಗೆಲ್ಲಾಕತ್ತಿದ್ಲು" ಎಂದರು. "ಪೇಪರಿನ್ಯಾಗ ಫೋಟೋ ಬಂದಿತ್ತು. ಹ್ಯಾಂಗ ಹೇಳ್ಲಿ?" ರೋಲರಿನ ಹಿಡಿ ಹಿಡಿದು ಅದನ್ನು ಒಳಗೆ ಎಳೆದುಕೊಂಡು ಹೋದರು.

ಅದೇ ದಿನ ನೀಲವ್ವನಿಗೆ ಫೋನ್ ಮಾಡಿದೆ. ಒಂದೊಂದೇ ಬಿಡಿಸಿ ಹೇಳಿದೆ: ಮುರುಮು, ರೋಲರ್, ಸುಣ್ಣ ಹರಿದದ್ದು, ಚೆಂಡು ಹೊರಳಿದ್ದು. ಇಷ್ಟು ಗಟ್ಟಿ ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಂಡಿಸಿರಲಿಲ್ಲ. ಆ ಕಡೆಯಿಂದ ಅಂಗಡಿಯಲ್ಲಿ ಅರಿವೆ ಹರಿಯುವ ಸದ್ದು ಕೇಳುತ್ತಿತ್ತು. ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ನಕ್ಕಳು.

"ಅಕ್ಕಾ, ನೀ ನನ್ನ ಸಲುವಾಗಿ ಯಾವಾಗ್ಲೂ ವಾದ ಮಾಡಿ ಗೆದ್ದಿ. ಇದೊಂದು ಗೆಲ್ಲಬ್ಯಾಡ. ಸರ್ ಹಂಗೆಲ್ಲ ಮಾಡವರಲ್ಲ. ಅವರು ನನ್ನ ಮಾರಿ ನೋಡಿ ಹೇಳ್ಯಾರ, ಅಂಜಿದಿ ಅಂತ. ನಾ ಅಂಜಿದ್ದೆ. ಹೊಟ್ಯಾಗ ನನಗ ಗೊತ್ತಾಗಿತ್ತು."

ಯಾರು ಅಂಜುವುದಿಲ್ಲ ಆ ಜಾಗದಲ್ಲಿ? ಆದರೆ ಅಂಜಿದ ಕೈ ನಡುಗುತ್ತದೆ, ಇವಳದು ನಡುಗಿರಲಿಲ್ಲ. ಇದನ್ನೂ ಹೇಳಿದೆ. "ನೋಡು, ಮತ್ತ ಶುರು ಮಾಡಿದಿ" ಎಂದಳು. ಸರ್ ಜೊತೆ ಮಾತಾಡಿಸುತ್ತೇನೆ ಎಂದೆ. ಅವರು ಆ ವಾರ ಫೋನ್ ಎತ್ತಲಿಲ್ಲ. ಮುಂದೆ ಎಂದೂ ಎತ್ತಲಿಲ್ಲ. ನಾನು ಕ್ಲಬ್ ಬಿಟ್ಟೆ.

ಮೊನ್ನೆ ಮೇ ತಿಂಗಳಲ್ಲಿ ಅವಳೇ ಫೋನ್ ಮಾಡಿದ್ದಳು, ಊರಿನ ಸುದ್ದಿ ಹೇಳಲು. ಮಾತಿನ ನಡುವೆ, ಇಂಡಿಯ ಹತ್ತಿರದ ಒಂದು ಶಾಲೆಯವರು ಹುಡುಗಿಯರಿಗೆ ಆಟ ಕಲಿಸಲು ಬಾ ಎಂದು ಕರೆದಿದ್ದಾರೆ, ತಾನು ಒಲ್ಲೆ ಎಂದಿದ್ದೇನೆ ಎಂದಳು. ಜುಲೈ ತನಕ ಕಾಯುತ್ತಾರಂತೆ.

"ಯಾಕೆ ಒಲ್ಲೆ ಅಂದೆ?"

"ಅಂಜುವಾಕಿ ಇನ್ನೊಬ್ಬರಿಗೆ ಏನ ಕಲಿಸ್ಲಿ ಅಕ್ಕಾ?" ಎಷ್ಟು ಸಹಜವಾಗಿ ಹೇಳಿದಳೆಂದರೆ, ತನ್ನ ಎತ್ತರ ಹೇಳಿದ ಹಾಗಿತ್ತು.

ಅದಕ್ಕೇ ಈ ಜೂನಿನ ಸಂಜೆ, ರಿಕ್ಷಾದವನ ಬೈಗುಳದ ನಡುವೆ, ಸ್ಕೂಟರ್ ತಿರುಗಿಸಿ ಕಂಪೌಂಡಿನ ಒಳಗೆ ಹೋದೆ. ಸರ್ ಅಲ್ಲೇ ಇದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಸುಣ್ಣದ ಡಬ್ಬಿ. ಹೊಸ ಹುಡುಗಿಯರು ಸುತ್ತ ಕುಕ್ಕರಗಾಲಲ್ಲಿ ಕೂತು ಹಡಗು, ಹಸಿವು, ಬಂಟ್ ಎಲ್ಲ ಕೇಳುತ್ತಿದ್ದರು. ಕೊನೆಗೆ ಹೊಸದೊಂದು ಸೇರಿತ್ತು: "ನಮ್ಮಲ್ಲೂ ಒಬ್ಬಾಕಿ ಇದ್ಲು. ಅಂಥಾ ಕೈ ನಾ ನೋಡಿಲ್ಲ. ಧೈರ್ಯ ಸಾಲಲಿಲ್ಲ, ಹ್ವಾದ್ಲು." ಬಾಗಿಲಿನ ಮೇಲೆ ಆ ಫೋಟೋ ಇನ್ನೂ ಇತ್ತು, ತೇವಕ್ಕೆ ಮುಖ ಉಬ್ಬಿಕೊಂಡು.

ನನ್ನನ್ನು ಕಂಡು ಅವರ ಮುಖ ಅರಳಿತು. ಅದೇ ನನಗೆ ತಡೆಯಲಾಗದ್ದು, ನಿಜವಾಗಿಯೂ ಅರಳಿತು. "ಬಾ ಬಾ ವಕೀಲಬಾಯಿ! ಚಹಾ ಕುಡಿ."

ನಾನು ಚರ್ಚೆಗೆ ತಯಾರಾಗಿ ಹೋಗಿರಲಿಲ್ಲ. ನೀಲವ್ವನ ನಂಬರು ಹಚ್ಚಿ ಫೋನನ್ನು ಅವರ ಮುಂದೆ ಹಿಡಿದೆ. ಗಂಟೆ ಹೋಗುತ್ತಿತ್ತು. ಅವರ ಸುಣ್ಣದ ಕೈ ಮೇಲೆ ಬರಲಿಲ್ಲ. ಮನೆಯಲ್ಲಿ ಅಜ್ಜನ ಜೊತೆ ಮಾತ್ರ ಆಡುವ ಕನ್ನಡ ತಾನಾಗಿ ಬಾಯಿಗೆ ಬಂತು.

"ಸರ್, ನಾ ಹೇಳಿದ್ರ ಆಕಿ ವಾದ ಅಂತಾಳ. ನೀವು ಹೇಳಿದ್ರ ನಂಬ್ತಾಳ. ಇಷ್ಟು ಹುಡುಗ್ಯಾರ ಮುಂದ ಆಕಿ ಅಂಜಿದ್ಲು ಅಂತ ಹೇಳಾಕ ನಿಮಗ ಬಾಯಿ ಬರ್ತದ. 'ನೀ ಅಂಜಿರಲಿಲ್ಲವ್ವಾ, ನಾ ನೆಲಾ ವಾಲಿಸಿದ್ದೆ' ಅಂತ ಆಕಿಗೆ ಒಂದ ಮಾತು ಹೇಳಾಕ ಯಾಕ ಬರವಲ್ದರೀ?"